ಬೇರುನಾಳದೊಳಗಿನ ಔಷಧ: ತೊಳೆಯುವುದೋ, ಕೆರೆಯುವುದೋ, ಅಲುಬುವುದೋ?

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯಲ್ಲಿ ಹಲ್ಲಿನ ಡಾಕ್ಟರು. ರೂಟ್ ಕೆನಾಲ್ ಮಾಡಿಸಿಕೊಳ್ಳುವವರಿಗೆ ಕೊಡಲು ಕನ್ನಡದಲ್ಲಿ ಒಂದು ಹಾಳೆ ಬರೆಯುತ್ತಿದ್ದೇನೆ. ಒಂದು ಹಂತಕ್ಕೆ ಸರಿಯಾದ ಕ್ರಿಯಾಪದ ಸಿಗುತ್ತಿಲ್ಲ.

ಸೋಂಕು ಜಾಸ್ತಿ ಇದ್ದ ಹಲ್ಲನ್ನು ಎಷ್ಟೋ ಸಲ ಒಂದೇ ದಿನಕ್ಕೆ ಮುಚ್ಚುವುದಿಲ್ಲ. ಬೇರಿನ ನಾಳದೊಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿ, ಮೇಲೆ ತಾತ್ಕಾಲಿಕ ಸಿಮೆಂಟು ಹಾಕಿ, ವಾರವೋ ಹೆಚ್ಚೋ ಬಿಟ್ಟು ಬರಹೇಳುತ್ತೇವೆ. ಅದರ ಪಿಎಚ್ ಸುಮಾರು 12.5, ಅಷ್ಟು ಕ್ಷಾರದಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾಗಳು ಉಳಿಯುವುದಿಲ್ಲ. ಮುಂದಿನ ಸಲ ಅದನ್ನು ತೆಗೆದೇ ನಾಳ ಮುಚ್ಚಬೇಕು. ಗೋಡೆಗೆ ಅಂಟಿಕೊಂಡಿದ್ದರೆ ಕೊನೆಗೆ ನಾಳಕ್ಕೆ ತುಂಬುವ ರಬ್ಬರಿನಂಥ ಗಟ್ಟಾಪರ್ಚಾದ ಜೊತೆ ಹಾಕುವ ಸೀಲರ್ ಎಂಬ ಅಂಟು ಹಲ್ಲಿಗೆ ಸರಿಯಾಗಿ ಹಿಡಿಯುವುದಿಲ್ಲ.

‘ಔಷಧ ತೆಗೆಯುತ್ತೇವೆ’ ಎಂದರೆ ಜನ ಗಾಬರಿಯಾಗುತ್ತಾರೆ. “ಹಾಕಿದ್ದನ್ನ ಎಂತಕ್ಕೆ ತೆಗೀತ್ರಿ ಡಾಕ್ಟ್ರೇ? ಒಳಗಿದ್ರೆ ಒಳ್ಳೇದಲ್ವ?” ಎಂದು ಒಬ್ಬ ಅಜ್ಜಿ ಬಾಯಿ ಮುಚ್ಚಿಕೊಂಡು ಕೂತುಬಿಟ್ಟಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಮುಂದಿನ ಭೇಟಿಯನ್ನೇ ತಪ್ಪಿಸುವವರೂ ಇದ್ದಾರೆ, ಆಮೇಲೆ ತಾತ್ಕಾಲಿಕ ಸಿಮೆಂಟು ಸವೆದು ಸೋಂಕು ಮತ್ತೆ ಒಳಗೆ ಹೋಗುತ್ತದೆ.

‘ತೊಳೆಯುವುದು’ ಎಂದರೆ ಬಾಯಿ ಮುಕ್ಕಳಿಸಿದ ಹಾಗೆ ಕೇಳುತ್ತದೆ. ‘ಕೆರೆಯುವುದು’, ‘ಹೆರೆಯುವುದು’ ಎಂದರೆ ಹಲ್ಲನ್ನೇ ತುರಿದುಹಾಕುತ್ತಾರೆಂಬ ಹೆದರಿಕೆ. ಇಂಗ್ಲಿಷಿನ ಇರಿಗೇಶನ್ನಿಗೆ ನಿಘಂಟು ಕೊಡುವ ‘ನೀರಾವರಿ’ ತೋಟದ ಮಾತು, ಇಲ್ಲಿಗೆ ಬೇಡ. ನಿಜವಾಗಿ ನಡೆಯುವುದು ಇಷ್ಟು: ಫೈಲ್ ಎಂಬ ಸೂಜಿಯಂಥ ಸಣ್ಣ ಉಪಕರಣದಿಂದ ಔಷಧವನ್ನು ಸಡಿಲಿಸುತ್ತೇವೆ, ಸೋಡಿಯಂ ಹೈಪೋಕ್ಲೋರೈಟ್ ಬಿಟ್ಟು ತೊಳೆಯುತ್ತೇವೆ, ಕ್ಯಾಲ್ಸಿಯಂ ಹಿಡಿದೆಳೆಯುವ ಶೇಕಡಾ 17ರ ಇಡಿಟಿಎ ದ್ರವ ಬಿಡುತ್ತೇವೆ. ಅಲ್ಟ್ರಾಸಾನಿಕ್ ಸಾಧನದ ತೆಳುವಾದ ತುದಿ ಆ ದ್ರವವನ್ನು ಒಳಗೇ ರಭಸದಿಂದ ಅಲುಗಾಡಿಸುತ್ತದೆ. ಬೇರಿನ ತುದಿಯ ಮೂರನೇ ಒಂದು ಭಾಗ ಸಪೂರ, ಹಲವು ಸಲ ಬಾಗಿಯೂ ಇರುತ್ತದೆ. ಎಷ್ಟೇ ಮಾಡಿದರೂ ಅಲ್ಲಿ ಸ್ವಲ್ಪ ಉಳಿಯುತ್ತದೆ. ಆದ್ದರಿಂದ ಹಾಳೆಯಲ್ಲಿ ‘ಸಂಪೂರ್ಣ’ ಎಂದು ಬರೆಯಲು ನನಗೆ ಮನಸ್ಸಿಲ್ಲ.

ನನಗೆ ಹತ್ತಿರವೆನಿಸಿದ್ದು ‘ಅಲುಬು’. ಸೋಪು ಹಚ್ಚಿದ ಬಟ್ಟೆಯನ್ನು ನೀರಲ್ಲಿ ಆಡಿಸಿ ಸೋಪು ಬಿಡಿಸುತ್ತೇವಲ್ಲ, ಆ ಅಲುಬುವುದು. ಹಳಗನ್ನಡದ ‘ಅಲಂಬು’ ಇದೇ. ‘ನಾಳದೊಳಗಿನ ಔಷಧವನ್ನು ಅಲುಬಿ ತೆಗೆಯುತ್ತೇವೆ’ ಎಂದರೆ ದ್ರವ ಆಡುವುದೂ ಬರುತ್ತದೆ, ಔಷಧ ಹೊರಬರುವುದೂ ಬರುತ್ತದೆ, ಹೆದರಿಕೆಯೂ ಇಲ್ಲ.

ಔಷಧದ ಹೆಸರೂ ಒಂದು ತೊಡಕು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂದರೆ ಅರಳಿಸಿದ ಸುಣ್ಣವೇ: ಕವಳಕ್ಕೆ (ಎಲೆಅಡಿಕೆಗೆ) ಹಚ್ಚುವುದೂ ಅದೇ, ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತದ ಜೊತೆ ಬೆರೆಸುವುದೂ ಅದೇ. ‘ಸುಣ್ಣದ ಔಷಧ’ ಎಂದು ಬರೆದರೆ ಥಟ್ಟನೆ ಅರ್ಥವಾದೀತು. ಆದರೆ ಹಲ್ಲುನೋವಿಗೆ ಕವಳದ ಡಬ್ಬಿಯ ಸುಣ್ಣವನ್ನೇ ಒತ್ತಿಕೊಂಡರೆ ಒಸಡು ಸುಟ್ಟುಹೋಗುತ್ತದೆ. ಹೆಸರು ಹಾಗೇ ಇಟ್ಟು ಕೆಳಗೆ ಎಚ್ಚರಿಕೆ ಬರೆಯಬೇಕೋ, ಹೆಸರನ್ನೇ ಬಿಡಬೇಕೋ?

ಕಾರವಾರ, ಅಂಕೋಲಾ, ಹೊನ್ನಾವರ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ‘ಅಲುಬು’ ಈಗಲೂ ಬಾಯಲ್ಲಿದೆಯೇ? ಇಲ್ಲವಾದರೆ ಸಪೂರ ಬಾಯಿಯ ಬಾಟಲಿಗೆ ನೀರು ಹಾಕಿ ಕುಲುಕಿ ಚೆಲ್ಲುವುದಕ್ಕೆ ಮನೆಯಲ್ಲಿ ಏನೆನ್ನುತ್ತೀರಿ?