ಮೂರು ಸೌಟು ಕೆತ್ತಿದೆ, ಮೂರೂ ಸೀಳಿದವು. ಯಾರಾದರೂ ಹೇಳ್ರಪ್ಪ

ಗುಮ್ಮಟದ_ಪಾರಿವಾಳ (ವಿಜಯಪುರ)
ಸೋಮವಾರ, ರಾತ್ರಿ 11.10

ಮೂರನೇದೂ ಹೋಯಿತು. ಶನಿವಾರ ಸಂಜೆ ಕೆತ್ತಿ ಮುಗಿಸಿದ್ದೆ. ಇವತ್ತು ಕೆಲಸದಿಂದ ಬಂದು ನೋಡಿದರೆ ಮೂತಿಯಿಂದ ಗುಳಿಯ ತಳದವರೆಗೆ ಕೂದಲೆಳೆಯಂಥ ಬಿರುಕು. ನೀರು ಹಾಕಿದರೆ ತೊಟ್ಟು ತೊಟ್ಟಾಗಿ ಕೆಳಗೆ ಬೀಳುತ್ತದೆ. ಅವ್ವ ಅದನ್ನು ನೋಡಿ, "ಬಜಾರದಾಗ ಸ್ಟೀಲಿನ ಸೌಟು ಸಿಗ್ತಾವ, ಗೊತ್ತದ ಇಲ್ಲೋ?" ಅಂದಳು. ಚಾಕು ಒಳ್ಳೆಯದೇ ಇದೆ. ವಿಡಿಯೋದಲ್ಲಿ ತೋರಿಸಿದ ಹಾಗೇ ಮಾಡಿದ್ದೇನೆ. ಎಲ್ಲಿ ತಪ್ಪುತ್ತಿದೆ ಅಂತ ತಿಳಿಯುತ್ತಿಲ್ಲ. ತಲೆ ಕೆಟ್ಟಿದೆ.

ಸಾಣೆ_ಸರದಾರ (ಬೆಳಗಾವಿ)
ಸೋಮವಾರ, ರಾತ್ರಿ 11.32

"ಚಾಕು ಒಳ್ಳೆಯದೇ ಇದೆ" ಅನ್ನುವವರ ಚಾಕು ನೂರಕ್ಕೆ ತೊಂಬತ್ತು ಸಲ ಮೊಂಡ ಇರುತ್ತದೆ, ಬೇಜಾರಾಗಬೇಡಿ. ಮೊಂಡ ಅಲಗು ನಾರನ್ನು ಕೊಯ್ಯುವುದಿಲ್ಲ, ಕೀಳುತ್ತದೆ. ಕಿತ್ತ ಜಾಗದಲ್ಲೇ ಬಿರುಕು ಶುರು. ಗುಳಿ ತೋಡುವ ಕೊಕ್ಕೆ ಚಾಕುವಿನ ಒಳಮೈಗೆ ಸಪಾಟು ಕಲ್ಲು ಕೂರುವುದಿಲ್ಲ. ದುಂಡು ಕೋಲಿಗೆ 600ರ ಪಾಲಿಶ್ ಪೇಪರ್ ಸುತ್ತಿ ತಿಕ್ಕಿ. ಆಮೇಲೆ 1000, ಆಮೇಲೆ 2000. ಕೊನೆಗೆ ಹಳೆ ಚರ್ಮದ ಬೆಲ್ಟಿಗೆ ಅಲಗು ಹೊಳಪಿಸುವ ಹಸಿರು ಪಾಲಿಶ್ ಹಚ್ಚಿ ಹಿಮ್ಮುಖವಾಗಿ ಎಳೆಯಿರಿ. ಮುಂದಕ್ಕೆ ಎಳೆದರೆ ಬೆಲ್ಟೇ ಕೊಯ್ದು ಹೋಗುತ್ತದೆ. ನನ್ನದು ಎರಡು ಹೋಗಿವೆ.

ಗುಮ್ಮಟದ_ಪಾರಿವಾಳ
ಸೋಮವಾರ, ರಾತ್ರಿ 11.40

ಮೋರಾ ಕಂಪನಿಯ ಚಾಕುಗಳು, ನೇರ ಅಲಗಿನ 106 ಮತ್ತು ಕೊಕ್ಕೆಯ 164. ಲಟ್ಟಣಿಗೆಗೇ ಪೇಪರ್ ಸುತ್ತಿ ತಿಕ್ಕಿದ್ದೇನೆ, ಅದಕ್ಕೆ ಬೇರೆ ಬೈಸಿಕೊಂಡೆ. ಮುಂಗೈ ಕೂದಲು ಬೋಳಿಸುತ್ತದೆ.

ಸಾಣೆ_ಸರದಾರ
ಸೋಮವಾರ, ರಾತ್ರಿ 11.51

ಕೂದಲು ಬೋಳಿಸೋದು ದೊಡ್ಡ ಮಾತಲ್ಲ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಪಟ್ಟಿ ತಗೊಂಡು ನಾರಿಗೆ ಅಡ್ಡ ಕೊಯ್ದು ನೋಡಿ. ಕೊಯ್ದ ಜಾಗ ಹೊಳೆಯಬೇಕು. ಬಿಳಿ ಗೆರೆ ಬಿದ್ದರೆ ಅಲಗಿನಲ್ಲಿ ಕಚ್ಚು ಇದೆ ಅಂತ ಅರ್ಥ.

ಇಳಕಲ್_ದಡಿ (ಬಾಗಲಕೋಟೆ ಜಿಲ್ಲೆ)
ಮಂಗಳವಾರ, ಬೆಳಿಗ್ಗೆ 7.05

ಕಟ್ಟಿಗೆ ಯಾವುದು ಅಂತ ಯಾರೂ ಕೇಳಲೇ ಇಲ್ಲವಲ್ಲ? ಹಸಿಯೋ ಒಣಗಿದ್ದೋ?

ಗುಮ್ಮಟದ_ಪಾರಿವಾಳ
ಮಂಗಳವಾರ, ಬೆಳಿಗ್ಗೆ 8.20

ಬೇವು ಅಲ್ದೆ ಇನ್ಯಾವುದು ಅಕ್ಕಾವ್ರೆ. ಓಣಿಯಲ್ಲಿ ಕರೆಂಟಿನ ತಂತಿಗೆ ತಾಗುತ್ತದೆ ಅಂತ ಟೊಂಗೆ ಕಡಿದು ಬಿಸಾಕಿದ್ದರು. ಹಸಿಯಾಗಿಯೇ ತಂದೆ. ಹಸಿದೇ ಕೆತ್ತಬೇಕು, ಮೆತ್ತಗೆ ಇರುತ್ತದೆ ಅಂತ ಎಲ್ಲರೂ ಹೇಳುತ್ತಾರೆ.

ಮುಧೋಳ_ಕಾಕಾ
ಮಂಗಳವಾರ, ಬೆಳಿಗ್ಗೆ 9.15

ತಮ್ಮಾ, ಬೇವಿನ ಸೌಟಿನಿಂದ ಸಾರು ಕಹಿ ಆಗಲ್ವಾ? ನಮ್ಮ ಕಾಲಕ್ಕೆ ಕೆತ್ತಿದರೆ ಮಾವು, ಇಲ್ಲ ಸಾಗವಾನಿ. ನನ್ನ ಹತ್ತಿರ ಒಂದು ಬಾಚಿ ಇದೆ. ಲಾರಿಯ ಕಮಾನ್ ಪಟ್ಟಿ ಕಾಸಿ ಕಮ್ಮಾರ ಬಡಿದುಕೊಟ್ಟಿದ್ದು. ಮೂವತ್ತು ವರ್ಷ ಆಯಿತು, ಹಿಡಿ ಮಾತ್ರ ಎರಡು ಸಲ ಬದಲಿಸಿದ್ದೇನೆ. ಕರಿಜಾಲಿ ಹಿಡಿ. ಫೋಟೊ ಹಾಕುತ್ತೇನೆ ತಡೆಯಿರಿ.

ಸಾಣೆ_ಸರದಾರ
ಮಂಗಳವಾರ, ಬೆಳಿಗ್ಗೆ 9.30

ಕಾಕಾ, ಕಹಿ ಇರೋದು ಎಲೆಯಲ್ಲಿ, ತೊಗಟೆಯಲ್ಲಿ. ತೊಗಟೆ ಪೂರ್ತಿ ತೆಗೆದು ಒಂದೆರಡು ಸಲ ಬಿಸಿನೀರಲ್ಲಿ ಅದ್ದಿ ತೆಗೆದರೆ ಏನೂ ಗೊತ್ತಾಗೋದಿಲ್ಲ. ನಮ್ಮ ಮನೆಯಲ್ಲಿ ಬೇವಿನದೇ ಇದೆ, ಜುಣಕ ತಿರುವೋದು ಅದರಲ್ಲೇ. ಕಾಕಾ ಬೇಕಾದರೆ ಕಣಗಿಲೆ ಮುಟ್ಟಬೇಡಿ ಅಂತ ಹೇಳಲಿ, ಅದು ಖರೇ ವಿಷ.

ಮುಧೋಳ_ಕಾಕಾ
ಮಂಗಳವಾರ, ಬೆಳಿಗ್ಗೆ 9.44

ಕಣಗಿಲೆಯಲ್ಲಿ ಸೌಟು ಕೆತ್ತುವವನು ಯಾರಪ್ಪಾ? ನಾನು ಕೇಳಿದ್ದು ಕಹಿ ಬಗ್ಗೆ. ಹಬ್ಬಕ್ಕೆ ತಿನ್ನುವ ಬೇವು ಮೊದಲು ತಿಂದು ಮಾತಾಡು.

(ಇದರ ಮೇಲೆ ಇನ್ನೂ ಹನ್ನೊಂದು ಉತ್ತರ ಬಂದಿದ್ದವು. ಅವನ್ನು "ಬೇವು ಕಹಿಯೋ ಅಲ್ಲವೋ" ಅಂತ ಬೇರೆ ಚರ್ಚೆಗೆ ಸಾಗಿಸಿದ್ದೇನೆ. ಅಲ್ಲಿ ಹೋಗಿ ಜಗಳ ಆಡಿರಿ. - ನಿರ್ವಾಹಕ)

ಇಳಕಲ್_ದಡಿ
ಮಂಗಳವಾರ, ಮಧ್ಯಾಹ್ನ 2.10

ಪಾರಿವಾಳ ಅವರೇ, ಕೆತ್ತಿ ಆದಮೇಲೆ ಎಲ್ಲಿ ಇಡುತ್ತೀರಿ?

ಗುಮ್ಮಟದ_ಪಾರಿವಾಳ
ಮಂಗಳವಾರ, ಸಂಜೆ 6.30

ಟೇಬಲ್ ಮೇಲೆ. ಮೇಲೆ ಫ್ಯಾನ್ ಇರುತ್ತದೆ. ಅದನ್ನೇನು ಹೇಳೋದು ಅಂತ ಹೇಳಲಿಲ್ಲ.

ಇಳಕಲ್_ದಡಿ
ಮಂಗಳವಾರ, ಸಂಜೆ 6.52

ವಿಜಯಪುರದ ಬೇಸಿಗೆ, ಮೇಲೆ ಫ್ಯಾನು! ಹಪ್ಪಳ ಒಣಗಿಸಿದ ಹಾಗಾಯಿತು. ಹಸಿ ಕಟ್ಟಿಗೆಯ ನೀರು ಪಕ್ಕದಿಂದ ನಿಧಾನಕ್ಕೆ ಹೋಗುತ್ತದೆ, ನಾರು ಕಡಿದ ತುದಿಯಿಂದ ಭರ್ರನೆ ಹೋಗುತ್ತದೆ. ಸೌಟಿನಲ್ಲಿ ಮೂತಿ ಅಂದರೆ ಅದೇ ತುದಿ. ಅದು ಮೊದಲು ಒಣಗಿ ಕುಗ್ಗುತ್ತದೆ, ಹಿಂದಿನ ಭಾಗ ಇನ್ನೂ ಉಬ್ಬಿಕೊಂಡೇ ಇರುತ್ತದೆ, ಎಳೆದಾಟದಲ್ಲಿ ಸೀಳುತ್ತದೆ. ಸರದಾರರು ಬೆಳಗಾವಿಯವರು, ಅವರಿಗೆ ಇದು ಗೊತ್ತಿರಲಿಕ್ಕಿಲ್ಲ.

ಮುಂದಿನದನ್ನು ಕಾಗದದ ಚೀಲದಲ್ಲಿ ಹಾಕಿ, ಕೆತ್ತಿದ ಚಕ್ಕೆಗಳನ್ನೇ ಅದರ ಸುತ್ತ ತುಂಬಿ, ಗಾಳಿ ಆಡದ ಮೂಲೆಯಲ್ಲಿಡಿ. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಗಿ ಬರೆದಿಡಿ. ತೂಕ ಇಳಿಯೋದು ನಿಂತ ಮೇಲೆ ಎಣ್ಣೆ ಹಚ್ಚಿ.

ಸಾಣೆ_ಸರದಾರ
ಮಂಗಳವಾರ, ರಾತ್ರಿ 8.15

ಒಪ್ಪಿದೆ, ನಮ್ಮಲ್ಲಿ ಮಳೆಗಾಲದಲ್ಲಿ ಸೌಟು ಸೀಳೋದಿಲ್ಲ, ಬೂಷ್ಟು ಹಿಡಿಯುತ್ತದೆ. ಆದರೂ ಅಲಗು ಸರಿ ಇದ್ದರೆ ಅರ್ಧ ಕಷ್ಟ ಕಡಿಮೆ. ಪೈನ್ ಕೊಯ್ದು ನೋಡಿದಿರಾ?

ಶೇಂಗಾ_ಹೋಳಿಗೆ (ಜಮಖಂಡಿ)
ಬುಧವಾರ, ಬೆಳಿಗ್ಗೆ 6.40

ಎಣ್ಣೆ ಅಂದಿರಿ, ಯಾವ ಎಣ್ಣೆ? ನಾನು ಶೇಂಗಾ ಎಣ್ಣೆ ಹಚ್ಚಿದ್ದೆ, ತಿಂಗಳಾದರೂ ಅಂಟಂಟು, ಜೊತೆಗೆ ಕಮಟು ವಾಸನೆ.

ಮುಧೋಳ_ಕಾಕಾ
ಬುಧವಾರ, ಬೆಳಿಗ್ಗೆ 7.30

ಶೇಂಗಾ ಎಣ್ಣೆ ಒಗ್ಗರಣೆಗೆ, ಕಟ್ಟಿಗೆಗಲ್ಲ. ಅದು ಒಣಗುವ ಎಣ್ಣೆ ಅಲ್ಲ. ಅಗಸಿ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ. ಕುಸುಬಿಯೂ ಆಗುತ್ತದೆ, ಸ್ವಲ್ಪ ತಡ. ಗಾಣದ್ದು ತಗೊಳ್ಳಿ. ಬಣ್ಣದ ಅಂಗಡಿಯ ಕುದಿಸಿದ ಅಗಸಿ ಎಣ್ಣೆ ಬೇಡ, ಬೇಗ ಒಣಗಲಿ ಅಂತ ಅದರಲ್ಲಿ ಲೋಹದ ಮದ್ದು ಹಾಕಿರುತ್ತಾರೆ, ಊಟದ ಸೌಟಿಗೆ ಆಗದು. ಇನ್ನೊಂದು ಮಾತು. ಅಗಸಿ ಎಣ್ಣೆ ಒರೆಸಿದ ಅರಿವೆ ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿ. ಅದು ತಾನಾಗೇ ಬಿಸಿಯಾಗಿ ಬೆಂಕಿ ಹತ್ತುತ್ತದೆ. ಬಿಡಿಸಿ ಹೊರಗೆ ಒಣಹಾಕಿ. ಬಾಚಿಯ ಫೋಟೊ ಹಾಕಿದ್ದೇನೆ, ಯಾರೂ ಏನೂ ಅನ್ನಲಿಲ್ಲ.

ಶೇಂಗಾ_ಹೋಳಿಗೆ
ಬುಧವಾರ, ಬೆಳಿಗ್ಗೆ 7.41

ಬಾಚಿ ಭಾರಿ ಇದೆ ಕಾಕಾ. ನನ್ನದು ಸಿದ್ಧೇಶ್ವರ ಜಾತ್ರೆಯಲ್ಲಿ ಕೊಂಡ ಕೊಡಲಿ, ಅದರದೂ ಫೋಟೊ ಹಾಕಲಾ?

ಗುಮ್ಮಟದ_ಪಾರಿವಾಳ
ಮುಂದಿನ ಸೋಮವಾರ, ರಾತ್ರಿ 10.20

ನಾಲ್ಕನೇದೂ ಸೀಳಿತು. ಕಾಗದದ ಚೀಲ, ಚಕ್ಕೆ, ಮೂಲೆ, ತೂಕ, ಎಲ್ಲ ಮಾಡಿದೆ. ಪೈನನ್ನೂ ಕೊಯ್ದೆ, ಕನ್ನಡಿಯಂತೆ ಹೊಳೆಯಿತು, ಸರದಾರರೇ. ಬಿರುಕು ಬರೋದಕ್ಕೆ ಈ ಸಲ ಐದು ದಿನ ಹಿಡಿಯಿತು, ಅಷ್ಟೇ ಫರಕು. ಅದೇ ಜಾಗ. ಫೋಟೊ ಹಾಕಿದ್ದೇನೆ. ಸಾಕಾಗಿದೆ.

ಇಳಕಲ್_ದಡಿ
ಮಂಗಳವಾರ, ಬೆಳಿಗ್ಗೆ 6.58

ಫೋಟೊ ದೊಡ್ಡದು ಮಾಡಿ ನೋಡಿದೆ. ಮೂತಿಯ ನಟ್ಟನಡುವೆ ಸಾಸಿವೆ ಕಾಳಿನಷ್ಟು ಒಂದು ಕಂದು ಬೊಟ್ಟು ಇದೆ. ಹಿಡಿಯ ತುದಿಯಲ್ಲೂ ಅಂಥದೇ ಇನ್ನೊಂದು. ಬಿರುಕು ಹೊರಟಿರೋದು ಆ ಬೊಟ್ಟಿನಿಂದಲೇ. ಅದೇನು?

ಗುಮ್ಮಟದ_ಪಾರಿವಾಳ
ಮಂಗಳವಾರ, ಬೆಳಿಗ್ಗೆ 8.31

ಅದಾ? ಕಟ್ಟಿಗೆಯಲ್ಲೇ ಇರುತ್ತದಲ್ಲ. ಹಣೆಗೆ ಕುಂಕುಮ ಇಟ್ಟಂಗೆ ಚಂದ ಕಾಣಿಸಿತು, ಅದಕ್ಕೇ ನಾಲ್ಕರಲ್ಲೂ ಸರಿಯಾಗಿ ನಡುವೆ ಬರುವ ಹಾಗೆ ನೋಡಿಕೊಂಡೆ.

ಇಳಕಲ್_ದಡಿ
ಮಂಗಳವಾರ, ಬೆಳಿಗ್ಗೆ 8.35

ಟೊಂಗೆ ಸೀಳಲೇ ಇಲ್ಲವಾ??

ಗುಮ್ಮಟದ_ಪಾರಿವಾಳ
ಮಂಗಳವಾರ, ಬೆಳಿಗ್ಗೆ 8.36

ಯಾಕೆ ಸೀಳಬೇಕು? ಮಣಿಕಟ್ಟಿನಷ್ಟೇ ದಪ್ಪ ಇತ್ತು. ಗರಗಸದಲ್ಲಿ ಉದ್ದ ಕತ್ತರಿಸಿ ಮೇಲಿನಿಂದ ಕೆತ್ತುತ್ತಾ ಬಂದೆ. ಕೊಡಲಿ ಇಲ್ಲ ನನ್ನ ಹತ್ತಿರ.

ಮುಧೋಳ_ಕಾಕಾ
ಮಂಗಳವಾರ, ಬೆಳಿಗ್ಗೆ 8.50

ಅಯ್ಯೋ ಶಿವನೇ! ಇದನ್ನು ಮೊದಲ ದಿನವೇ ಹೇಳಬಾರದಾ ತಮ್ಮಾ.

ಇಳಕಲ್_ದಡಿ
ಮಂಗಳವಾರ, ಬೆಳಿಗ್ಗೆ 9.20

ಆ ಬೊಟ್ಟು ತಿರುಳು. ಟೊಂಗೆಯ ಉದ್ದಕ್ಕೂ ದಾರದ ಹಾಗೆ ಓಡಿರುತ್ತದೆ, ಅದಕ್ಕೇ ಎರಡೂ ತುದಿಯಲ್ಲಿ ಕಾಣುತ್ತದೆ. ಅದರ ಸುತ್ತ ವರ್ಷದ ಬಳೆಗಳು. ಕಟ್ಟಿಗೆ ಒಣಗುವಾಗ ಬಳೆಯ ಸುತ್ತಳತೆಯಲ್ಲಿ ಕುಗ್ಗೋದು ಜಾಸ್ತಿ, ನಡುವಿನ ಕಡೆಗೆ ಕುಗ್ಗೋದು ಸುಮಾರು ಅದರ ಅರ್ಧ. ಕೈ ಸಣ್ಣದಾಗದೆ ಬಳೆ ಮಾತ್ರ ಸಣ್ಣದಾದರೆ ಏನಾಗುತ್ತದೆ? ಒಡೆಯುತ್ತದೆ. ಎಷ್ಟೇ ನಿಧಾನ ಒಣಗಿಸಿ, ತಿರುಳು ಒಳಗಿದ್ದರೆ ಸೀಳೋದು ಹೆಚ್ಚುಕಮ್ಮಿ ಖಂಡಿತ.

ತೊಡೆ ಗಾತ್ರದ ಟೊಂಗೆ ಹುಡುಕಿ. ಕಾಕಾ ಅಥವಾ ಹೋಳಿಗೆಯವರ ಕೊಡಲಿ ಕೇಳಿ. ತಿರುಳಿನ ಮೇಲೆ ಅಲಗು ಇಟ್ಟು ಕೊಡತಿಯಿಂದ ಬಡಿದು ಎರಡು ಹೋಳು ಮಾಡಿ. ಹೋಳಿನಿಂದ ತಿರುಳಿನ ಕಡೆಯ ಒಂದು ಬೆರಳು ದಪ್ಪ ಕೆತ್ತಿ ಒಗೆದುಬಿಡಿ. ಉಳಿದದ್ದರಲ್ಲಿ ಸೌಟು. ಉಳಿದ ಕಟ್ಟಿಗೆಯ ತುದಿಗಳಿಗೆ ಫೆವಿಕಾಲ್ ದಪ್ಪಗೆ ಬಳಿದಿಡಿ.

ಸಾಣೆ_ಸರದಾರ
ಮಂಗಳವಾರ, ಬೆಳಿಗ್ಗೆ 9.48

ನಾನೂ ಇದನ್ನೇ ಹೇಳೋನಿದ್ದೆ.

ಮುಧೋಳ_ಕಾಕಾ
ಮಂಗಳವಾರ, ಬೆಳಿಗ್ಗೆ 9.50

ಹೇಳೋನಿದ್ದೆ, ಹೇಳೋನಿದ್ದೆ.

ಗುಮ್ಮಟದ_ಪಾರಿವಾಳ
ಮೂರು ವಾರದ ನಂತರ, ಭಾನುವಾರ, ಸಂಜೆ 5.15

ಐದನೇದು ಉಳಿದಿದೆ. ಹನ್ನೆರಡು ದಿನ ಆಯಿತು. 94 ಗ್ರಾಂನಿಂದ ಶುರುವಾಗಿ 61ಕ್ಕೆ ಬಂದು ನಿಂತಿದೆ. ಬೊಟ್ಟು ಇಲ್ಲ, ಸ್ವಲ್ಪ ಬೋಳು ಬೋಳು ಕಾಣುತ್ತದೆ. ಕುಸುಬಿ ಎಣ್ಣೆ ಹಚ್ಚಿದೆ. ಅವ್ವ ಹುಗ್ಗಿ ತಿರುವಿದಳು, ಏನೂ ಅನ್ನಲಿಲ್ಲ, ತೊಳೆದು ಸ್ಟೀಲಿನ ಸೌಟಿನ ಪಕ್ಕ ಸಿಕ್ಕಿಸಿದಳು. ಈಗ ಇನ್ನೊಂದು ಬೇಕಂತೆ. ಅವಳು ಎಡಚಿ. ನಾನು ಮೂತಿ ಬಲಗೈಗೆ ಓರೆ ಮಾಡಿಬಿಟ್ಟಿದ್ದೇನೆ, ಪಾತ್ರೆಯ ಮೂಲೆಗೆ ಹೋಗೋದಿಲ್ಲ. ಎಡಕ್ಕೆ ಓರೆ ಮಾಡೋಕೆ ಏನಾದರೂ ಬೇರೆ ಲೆಕ್ಕ ಇದೆಯಾ?

ಸಾಣೆ_ಸರದಾರ
ಭಾನುವಾರ, ಸಂಜೆ 5.22

164ರಲ್ಲಿ ಎಡಗೈಯವರದ್ದೇ ಬೇರೆ ಬರುತ್ತದೆ. ಅದನ್ನು ತರಿಸಿ. ಸಾಣೆ ಹಿಡಿಯುವ ರೀತಿಯೂ ಬೇರೆ, ಬರೆಯುತ್ತೇನೆ.

ಇಳಕಲ್_ದಡಿ
ಭಾನುವಾರ, ಸಂಜೆ 5.24

ಸರದಾರರೇ, ಕೆತ್ತೋರು ಅವರು. ಎಡಚಿ ಅವರ ಅವ್ವ.