ಬಕೆಟ್‌ನ ಭೂತ್ ಜೊಲೊಕಿಯಾ ಕೆಂಪಾಗುವ ತನಕ ಕಾಯಬೇಕಾ?

ಕೇಳಿದವರು, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಮಾಳಿಗೆ ಮೇಲೆ ಬಕೆಟ್‌ಗಳಲ್ಲಿ ಭೂತ್ ಜೊಲೊಕಿಯಾ ಅನ್ನುವ ಬಹಳ ಖಾರದ ಮೆಣಸಿನ ಗಿಡ ಹಾಕಿದ್ದೇನೆ. ಮಳೆಗಾಲದ ಕೊನೆಗೆ ಬೀಜ ಹಾಕಿದ್ದು. ಈಗ ಫೆಬ್ರುವರಿ ಮುಗಿಯುತ್ತಾ ಬಂತು, ಗಿಡದ ತುಂಬ ಹಸಿರು ಕಾಯಿ, ಒಂದೂ ಪೂರ್ತಿ ಕೆಂಪಾಗಿಲ್ಲ. ಬಿಸಿಲು ಏರುತ್ತಿದೆ, ಹೊಸ ಹೂವು ಉದುರುತ್ತಿವೆ. ಹಸಿರು ಇರುವಾಗಲೇ ಕಿತ್ತರೆ ಖಾರ ಇರುತ್ತದಾ? ಕಿತ್ತದ್ದನ್ನು ಏನು ಮಾಡಬೇಕು? ಮುಂದಿನ ಸಲ ಯಾವಾಗ ಹಾಕಿದರೆ ಚೆನ್ನ? ಬೆಳೆಸಿದವರು ಹೇಳಿ.

ಉತ್ತರ, ಕಲಬುರಗಿಯಿಂದಲೇ:

ಅಕ್ಕಾ, ಕಾಯಬೇಡಿ. ಬಲಿತದ್ದನ್ನು ಈಗಲೇ ಕಿತ್ತುಬಿಡಿ.

ಈ ಗಿಡಗಳ ಬಗ್ಗೆ ನಮಗೆ ಸಿಗುವ ಸಲಹೆ ಹೆಚ್ಚಿನದು ಚಳಿ ದೇಶದವರದ್ದು. ಹಿಮ ಬೀಳುವುದರೊಳಗೆ ಕಾಯಿ ಹಣ್ಣಾಗಬೇಕು ಅಂತ ಅವರಿಗೆ ಆತುರ. ಅದಕ್ಕೇ ಚಳಿಗಾಲ ಮುಗಿಯುವಾಗ ಬೀಜ ಹಾಕಿ ಅನ್ನುತ್ತಾರೆ. ನಮ್ಮ ಊರಲ್ಲಿ ಹಾಗೆ ಹಾಕಿದರೆ ಗಿಡ ಹೂವಿಗೆ ಬರುವ ಹೊತ್ತಿಗೆ ಮೇ ತಿಂಗಳು, 42 ಡಿಗ್ರಿ. ಹಗಲು 35 ದಾಟಿತು, ರಾತ್ರಿಯೂ ಸೆಕೆ ಇಳಿಯಲಿಲ್ಲ ಅಂದರೆ ಮೆಣಸಿನ ಗಿಡದಲ್ಲಿ ಹೂವು ಕಾಯಿಗಟ್ಟುವುದಿಲ್ಲ, ತೊಟ್ಟಿನ ಸಮೇತ ಉದುರುತ್ತದೆ. ಗೊಬ್ಬರ ಜಾಸ್ತಿ ಹಾಕಿದರೂ ನಿಲ್ಲುವುದಿಲ್ಲ. ನಿಮ್ಮಲ್ಲಿ ಈಗ ಶುರುವಾಗಿರುವುದು ಅದೇ. ಇದ್ದ ಕಾಯಿ ಇಳಿಸಿದರೆ ಗಿಡದ ಮೇಲಿನ ಭಾರವಾದರೂ ತಗ್ಗುತ್ತದೆ.

ಖಾರದ ಚಿಂತೆ ಬೇಡ. ಈ ತಳಿಗೆ 2007ರಲ್ಲಿ ಗಿನ್ನೆಸ್ ದಾಖಲೆ ಸಿಕ್ಕಿತ್ತು, ಖಾರ ಅಳೆಯುವ ಸ್ಕೋವಿಲ್ ಲೆಕ್ಕದಲ್ಲಿ 10 ಲಕ್ಷ ದಾಟಿದ ಮೆಣಸಿನಕಾಯಿ. ಹಸಿರಿದ್ದಾಗಲೂ ನಾವು ದಿನಾ ತಿನ್ನುವ ಕಾಯಿಗಿಂತ ಎಷ್ಟೋ ಪಟ್ಟು ಖಾರ. ಕೆಂಪಾದಾಗ ಬರುವ ಹಣ್ಣಿನ ವಾಸನೆ ಮಾತ್ರ ಹಸಿರಿನಲ್ಲಿ ಇರುವುದಿಲ್ಲ, ಒಂದು ಥರ ಹಸಿ ಸೊಪ್ಪಿನ ರುಚಿ ಇರುತ್ತದೆ. ನನಗೆ ಅದೇ ಹಿಡಿಸುತ್ತದೆ.

ಬಲಿತಿದೆಯೋ ಇಲ್ಲವೋ ಗೊತ್ತಾಗಬೇಕಾದರೆ ಕೈಗೆ ಕವರ್ ಹಾಕಿಕೊಂಡು ಒಂದು ಕಾಯಿ ಉದ್ದಕ್ಕೆ ಸೀಳಿ ನೋಡಿ. ಬೀಜ ಬೆಳ್ಳಗೆ ಮೆತ್ತಗಿದ್ದರೆ ಇನ್ನೂ ಎಳೆಯದು. ಬೀಜ ಗಟ್ಟಿಯಾಗಿ ಕೆನೆಬಣ್ಣಕ್ಕೆ ಬಂದಿದ್ದರೆ ಬಲಿತಿದೆ. ಖಾರ ಬೀಜದಲ್ಲಿರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದು ತಯಾರಾಗುವುದು ಬೀಜ ಅಂಟಿಕೊಂಡಿರುವ ಆ ಬಿಳಿ ತಿರುಳಿನಲ್ಲಿ. ಭೂತ್ ಜೊಲೊಕಿಯಾದಂಥ ಉಗ್ರ ತಳಿಯಲ್ಲಿ ಕಾಯಿಯ ಒಳಗೋಡೆಗೂ ಸಣ್ಣ ಸಣ್ಣ ಹಳದಿ ಎಣ್ಣೆ ಹನಿ ಕೂತಿರುತ್ತವೆ. ಬೆಳಕಿಗೆ ಹಿಡಿದರೆ ಹೊಳೆಯುತ್ತವೆ. ತಿರುಳು ತೆಗೆದರೂ ಇದರ ಖಾರ ಪೂರ್ತಿ ಹೋಗದಿರುವುದು ಅದಕ್ಕೇ.

ಕೆಂಪು ಬೇಕೇ ಬೇಕು ಅಂತಿದ್ದರೆ ತೊಟ್ಟಿನ ಹತ್ತಿರ ಬಣ್ಣ ತಿರುಗಿದ ಕಾಯಿ ಹುಡುಕಿ. ಸ್ವಲ್ಪ ಕಂದು ಅಥವಾ ಕಿತ್ತಳೆ ಗೆರೆ ಮೂಡಿದ್ದರೂ ಸಾಕು, ಕಾಗದದ ಚೀಲದಲ್ಲಿಟ್ಟರೆ ಮನೆಯೊಳಗೇ ಕೆಂಪಾಗುತ್ತದೆ. ಪೂರ್ತಿ ಹಸಿರು ಕಾಯಿ ಕಿತ್ತಿಟ್ಟರೆ ಸುಮ್ನೆ ಬಾಡುತ್ತದೆ. ಕೀಳುವಾಗ ಕತ್ತರಿ ಬಳಸಿ. ಜಗ್ಗಿದರೆ ಟೊಂಗೆಯೇ ಮುರಿದು ಬರುತ್ತದೆ.

ಇನ್ನು ಬಕೆಟ್ಟಿನ ಮಣ್ಣು. ನಮ್ಮ ಎರೆಮಣ್ಣು ತೊಗರಿಗೆ ಬಂಗಾರ, ಕುಂಡಕ್ಕೆ ಆಗಿಬರುವುದಿಲ್ಲ. ಒಣಗಿದಾಗ ಅದು ಕುಗ್ಗುತ್ತದೆ. ಬಕೆಟ್ಟಿನ ಗೋಡೆಗೂ ಮಣ್ಣಿಗೂ ನಡುವೆ ಬೆರಳು ತೂರುವಷ್ಟು ಸಂದು ಬೀಳುತ್ತದೆ. ನೀರು ಹಾಕಿದರೆ ಆ ಸಂದಿನಿಂದ ಇಳಿದು ಕೆಳಗಿನ ತೂತಿನಲ್ಲಿ ಹೊರಬರುತ್ತದೆ. ನೀರು ಕುಡಿಯಿತು ಅಂದುಕೊಳ್ಳುತ್ತೇವೆ, ಬೇರಿನ ಹತ್ತಿರ ಒಣಗಿಯೇ ಇರುತ್ತದೆ. ನಾನು ಈಗ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಕಲಸುತ್ತೇನೆ, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಒಂದು ಗಿಡಕ್ಕೆ 20 ಲೀಟರಿನ ಪೇಂಟಿನ ಖಾಲಿ ಬಕೆಟ್ಟು ಬೇಕು. ಸಣ್ಣ ಕುಂಡ ನಮ್ಮ ಬಿಸಿಲಿಗೆ ಮಧ್ಯಾಹ್ನದೊಳಗೇ ಒಣಗುತ್ತದೆ. ಮಣ್ಣಿನ ಮೇಲೆ ತೊಗರಿ ಹೊಟ್ಟು ಹರಡಿದರೆ ತೇವ ನಿಲ್ಲುತ್ತದೆ.

ಮಾಳಿಗೆಗೆ ಶಹಾಬಾದ್ ಕಲ್ಲು ಹಾಸಿದ್ದರೆ ಬಕೆಟ್ಟನ್ನು ನೇರ ಅದರ ಮೇಲೆ ಇಡಬೇಡಿ. ಇಟ್ಟಿಗೆ ಕೊಟ್ಟು ಎತ್ತರಿಸಿ. ಕಾದ ಕಲ್ಲು ಸಂಜೆ ಮೇಲೂ ಬೇರು ಬೇಯಿಸುತ್ತಿರುತ್ತದೆ. ಬೋರ್‌ನೀರು ಗಡುಸಾಗಿದ್ದರೆ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಅದನ್ನು ಕೆರೆದು ತೆಗೆದು, ಆಗಾಗ ತಳದಿಂದ ಹರಿದು ಹೋಗುವಷ್ಟು ನೀರು ಹಾಕಿ ತೊಳೆಯಿರಿ.

ಕಾಯಿ ಕಿತ್ತ ಮೇಲೆ ಗಿಡ ಕಿತ್ತು ಬಿಸಾಡಬೇಡಿ. ಮೆಣಸಿನ ಗಿಡ ವರ್ಷಗಟ್ಟಲೆ ಬದುಕುತ್ತದೆ. ಅರ್ಧಕ್ಕೆ ಕತ್ತರಿಸಿ, ನೆರಳು ಬಲೆ ಕಟ್ಟಿ, ಬೆಳಿಗ್ಗೆ ಮಾತ್ರ ಬಿಸಿಲು ಬೀಳುವ ಕಡೆ ಇಡಿ. ಜೂನ್ ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ, ಹೊಸ ಸಸಿಗಿಂತ ಮೊದಲೇ ಕಾಯಿ ಕೊಡುತ್ತದೆ. ಹೊಸದಾಗಿ ಹಾಕುವುದಾದರೆ ಮೇ ಕೊನೆಗೆ ಮನೆಯೊಳಗೆ ಬೀಜ ಹಾಕಿ. ನಮ್ಮ ಸಾದಾ ಮೆಣಸಿನ ಬೀಜದ ಹಾಗೆ ಇದು ಒಂದು ವಾರ, ಹತ್ತು ದಿನಕ್ಕೆ ಮೊಳೆಯುವುದಿಲ್ಲ. ಮೂರು ನಾಲ್ಕು ವಾರ ಹಿಡಿದರೂ ಗಾಬರಿ ಬೇಡ. ಆಗ ದೀಪಾವಳಿ ಆಸುಪಾಸು ಕಾಯಿಗಟ್ಟಿ, ಎಳ್ಳಮಾಸಿ ಹೊತ್ತಿಗೆ ಗಿಡ ತುಂಬಿರುತ್ತದೆ, ಕೆಂಪಾಗಲಿಕ್ಕೂ ಸಮಯ ಸಿಗುತ್ತದೆ.

ಬೀದರ್‌ನಿಂದ:

ಅಡುಗೆಯದ್ದು ನಾನು ಹೇಳುತ್ತೇನೆ ಅಕ್ಕಾ. ಪುಂಡಿ ಪಲ್ಯ ಕುದಿಯುವಾಗ ಒಂದೇ ಒಂದು ಹಸಿರು ಕಾಯಿ ಇಡಿಯಾಗಿ ಹಾಕಿ, ಸೀಳಬೇಡಿ. ಕಡಗೋಲಿನಿಂದ ಕಡೆಯುವ ಮೊದಲು ಮರೆಯದೆ ಹೊರಗೆ ತೆಗೆಯಿರಿ. ಹುಳಿಗೆ ಆ ಖಾರ ಬಹಳ ಚೆನ್ನಾಗಿ ಕೂಡುತ್ತದೆ, ಬಿಸಿ ಜೋಳದ ರೊಟ್ಟಿ ಜೊತೆ ಬೇರೇನೂ ಬೇಡ.

ಠೇಚಾ, ಅಂದರೆ ಮೆಣಸಿನಕಾಯಿಯ ಖಾರದ ಚಟ್ನಿ, ಮಾಡುವುದಾದರೆ ಇದನ್ನೊಂದನ್ನೇ ಹಾಕಬೇಡಿ. ನಾಲ್ಕು ದೊಣ್ಣೆ ಮೆಣಸಿನಕಾಯಿಗೆ ಇದು ಒಂದು, ಜೊತೆಗೆ ಬೆಳ್ಳುಳ್ಳಿ, ಶೇಂಗಾ, ಉಪ್ಪು. ಹಂಚಿನ ಮೇಲೆ ಎಣ್ಣೆ ಬಿಟ್ಟು ಸಣ್ಣ ಉರಿಯಲ್ಲಿ ಹುರಿಯಿರಿ. ಕಿಟಕಿ ಬಾಗಿಲು ತೆರೆದಿರಲಿ, ಸಣ್ಣ ಮಕ್ಕಳು ಮತ್ತು ದಮ್ಮು ಇರುವವರು ಒಳಗೆ ಇರಬಾರದು. ಘಾಟು ಅಷ್ಟು ಜೋರು. ಮಾಡಿದ್ದನ್ನು ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ.

ಉಳಿದ ಕಾಯಿ ತೊಳೆದು, ಹನಿ ನೀರಿಲ್ಲದಂತೆ ಒರೆಸಿ ಫ್ರೀಜರಿಗೆ ಹಾಕಿ. ಬೇಕಾದಾಗ ಗಟ್ಟಿ ಕಾಯಿಯನ್ನೇ ತುರಿಮಣೆಯಲ್ಲಿ ಒಂದೆರಡು ಸಲ ತುರಿದು ಬೇಳೆಗೆ ಹಾಕಿದರೆ ಸಾಕು, ಉಳಿದದ್ದು ವಾಪಸ್ ಫ್ರೀಜರಿಗೆ. ಕೈ ಉರಿದರೆ ಬರೀ ನೀರಿನಲ್ಲಿ ತೊಳೆದು ಪ್ರಯೋಜನ ಇಲ್ಲ. ಮೊದಲು ಅಡುಗೆ ಎಣ್ಣೆ ತಿಕ್ಕಿ, ಆಮೇಲೆ ಸೋಪು. ಬಾಯಿ ಉರಿದರೆ ಮೊಸರು.

ನಮ್ಮ ಊರು ನಿಮಗಿಂತ ಎತ್ತರದಲ್ಲಿದೆ, ಡಿಸೆಂಬರ್ ರಾತ್ರಿಯ ಚಳಿಗೆ ಕಾಯಿ ಹಣ್ಣಾಗುವುದು ಇನ್ನೂ ನಿಧಾನ. ನಾನಂತೂ ಅರ್ಧ ಹಸಿರೇ ಬಳಸುವುದು.

ಶಹಾಪುರದಿಂದ:

ನಮ್ಮ ಮನೆಯಲ್ಲಿ ಹೊಲದ ಮೆಣಸಿನಕಾಯಿಯೂ ಇದೆ, ಅಂಗಳದಲ್ಲಿ ಕುಂಡದ್ದೂ ಇದೆ. ಹೊಲದಲ್ಲೂ ಹಸಿ ಕಾಯಿಗೆ ರೇಟು ಇದ್ದಾಗ ಮೊದಲ ಕೊಯ್ಲು ಹಸಿರೇ ಮಾರುತ್ತೇವೆ. ಹಸಿರು ಕಿತ್ತಷ್ಟೂ ಗಿಡ ಮತ್ತೆ ಹೂವಿಗೆ ಬರುತ್ತದೆ.

ಎಲೆ ಮುದುಡಿದರೆ ಮೊದಲು ಯಾವ ಕಡೆಗೆ ಅಂತ ನೋಡಿ. ಮೇಲಕ್ಕೆ ದೋಣಿಯ ಹಾಗೆ ಮಡಚಿದ್ದರೆ ಥ್ರಿಪ್ಸ್ ಅನ್ನುವ ಸಣ್ಣ ಕೀಟ, ಕೆಳಕ್ಕೆ ಬಾಗಿದ್ದರೆ ಮೈಟ್ ನುಸಿ. ಎಲೆ ಅಡಿಗೆ ತಗಲುವಂತೆ ಸಂಜೆ ಹೊತ್ತು ಬೇವಿನ ಎಣ್ಣೆ ಹೊಡೆಯಿರಿ, ಲೀಟರಿಗೆ 5 ಎಂಎಲ್, ಬೆರೆಯಲು ಸ್ವಲ್ಪ ಸೋಪಿನ ನೀರು. ಹೊಲಕ್ಕೆ ತಂದ ಔಷಧಿ ಉಳಿದಿದೆ ಅಂತ ಕುಂಡಕ್ಕೆ ಹೊಡೆಯಬೇಡಿ ಅಕ್ಕಾ. ಅದಕ್ಕೆ ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬಾರದು ಅಂತ ಲೆಕ್ಕ ಇರುತ್ತದೆ. ಮನೆ ಗಿಡದ ಕಾಯಿಯನ್ನು ನಾವು ನಾಳೆಯೇ ಕಿತ್ತು ಪಲ್ಯಕ್ಕೆ ಹಾಕುತ್ತೇವೆ ಅಲ್ವಾ.