ಪ್ರಶ್ನೋತ್ತರ: ಬೈಕ್ ಬ್ಯಾಟರಿ ಮೇಲೆ ಎಷ್ಟು ಹೊರೆ ಹಾಕಬಹುದು?

ಪ್ರಶ್ನೆ (ಮುಳಬಾಗಿಲು ಕಡೆಯ ರೈತ):

ನಮಸ್ಕಾರ ಅಣ್ಣ. ನನ್ನದು 100 ಸಿಸಿ ಗಾಡಿ, ಸೆಲ್ಫ್ ಸ್ಟಾರ್ಟ್ ಇದೆ, ಬ್ಯಾಟರಿ ಮೇಲೆ 12 ವೋಲ್ಟ್ 3 ಎಎಚ್ ಅಂತ ಬರೆದಿದೆ. ಟೊಮೆಟೊ ಕಾಲದಲ್ಲಿ ಬೆಳಗಿನ ಜಾವ ಕೋಲಾರದ ಎಪಿಎಂಸಿಗೆ ಹೋಗಬೇಕು. ಮಾಲು ಪಿಕಪ್‌ನಲ್ಲಿ, ಹಿಂದೆ ನಾನು ಬೈಕಲ್ಲಿ. ಹೈವೇ ಸೇರೋವರೆಗೂ ಮಣ್ಣು ದಾರಿ, ಕಣ್ಣಿಗೆ ಏನೂ ಕಾಣಲ್ಲ. ಅದಕ್ಕೆ 20 ವಾಟಿನ ಎಲ್‌ಇಡಿ ಎರಡು ಹಾಕಿಸಿದೆ. ಮೊಬೈಲ್ ಚಾರ್ಜರ್ ಇದೆ. ಕಳ್ಳರ ಭಯಕ್ಕೆ ಜಿಪಿಎಸ್ ಟ್ರ್ಯಾಕರ್ ಕೂಡ ಇದೆ. ನಾಲ್ಕು ತಿಂಗಳಲ್ಲಿ ಎರಡು ಸಲ ಬ್ಯಾಟರಿ ಕೂತುಹೋಯಿತು. ಫಿಟ್ ಮಾಡಿದ ಅಂಗಡಿಯವರು "ದೊಡ್ಡ ಬ್ಯಾಟರಿ ಹಾಕಿಸಿ, ಸರಿಹೋಗುತ್ತೆ" ಅಂತಾರೆ. ಹಾಕಿಸಲಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಕೋಲಾರ):

ಬೇಡ ಅಣ್ಣ, ದುಡ್ಡು ಈಗಲೇ ಹಾಕಬೇಡಿ.

ನೀವು ರೈತರು, ನಿಮ್ಮ ಲೆಕ್ಕದಲ್ಲೇ ಹೇಳ್ತೀನಿ. ಗಾಡಿಯಲ್ಲಿ ಬೋರ್‌ವೆಲ್ ಅಂದರೆ ಎಂಜಿನ್ ಪಕ್ಕದ ಮ್ಯಾಗ್ನೆಟ್ ಕಾಯಿಲ್. ಬ್ಯಾಟರಿ ಬರೀ ತೊಟ್ಟಿ. ಎಎಚ್ ಅಂದರೆ ಆ ತೊಟ್ಟಿಯ ಅಳತೆ: ಒಂದು ಆಂಪ್ ಒಂದು ಗಂಟೆ ಎಳೆದರೆ ಒಂದು ಎಎಚ್. ಬೋರ್‌ನಲ್ಲಿ ಒಂದಿಂಚು ನೀರು ಬರ್ತಾ ಇದ್ದರೆ, ಎಷ್ಟೇ ದೊಡ್ಡ ತೊಟ್ಟಿ ಕಟ್ಟಿದರೂ ತೋಟಕ್ಕೆ ಸಿಗೋದು ಅದೇ ಒಂದಿಂಚು. ಅದೇ ಕಾಯಿಲ್‌ಗೆ 9 ಎಎಚ್ ಬ್ಯಾಟರಿ ಹಾಕಿದರೆ ಅದು ಯಾವತ್ತೂ ತುಂಬಲ್ಲ. ಅರ್ಧ ಖಾಲಿಯಲ್ಲೇ ಇರೋ ಲೆಡ್ ಆಸಿಡ್ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ, ಆಮೇಲೆ ಚಾರ್ಜೇ ಹಿಡಿಯಲ್ಲ. ದೊಡ್ಡದೂ ಅದೇ ದಾರಿ ಹಿಡಿಯುತ್ತೆ.

ಈಗ ನಿಮ್ಮ ಹೊರೆ ನೋಡಿ. ವಾಟ್ ಅನ್ನು ವೋಲ್ಟ್‌ನಿಂದ ಭಾಗಿಸಿದರೆ ಆಂಪ್. 40 ವಾಟಿನ ಲೈಟು, 12 ವೋಲ್ಟ್ ಬ್ಯಾಟರಿ: 3.3 ಆಂಪ್. ಮೊಬೈಲ್ ಚಾರ್ಜರ್ 5 ವೋಲ್ಟ್ 2 ಆಂಪ್ ಕೊಡೋದಾದರೆ 10 ವಾಟ್. ಬ್ಯಾಟರಿ ಕಡೆಯಿಂದ ಸುಮಾರು 1 ಆಂಪ್. ಗಾಡಿ ಓಡ್ತಾ ಇರುವಾಗ ಇದರಲ್ಲಿ ಎಷ್ಟನ್ನು ಕಾಯಿಲ್ ಹೊರುತ್ತೆ ಅನ್ನೋದೇ ಪ್ರಶ್ನೆ. 2017ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ಎಂಜಿನ್ ಓಡ್ತಾ ಇದ್ದರೆ ಹೆಡ್‌ಲೈಟ್ ಹಗಲಲ್ಲೂ ಉರಿಯುತ್ತೆ, ಅದರ ಪಾಲು ಮೊದಲೇ ಹೋಗಿರುತ್ತೆ.

ಒಂದು ವಿಷಯ ಕೇಳ್ತೀನಿ, ನಿಜ ಹೇಳಿ: ಮಂಡಿಯಲ್ಲಿ ಕ್ರೇಟ್ ಇಳಿಸುವಾಗ ಎಂಜಿನ್ ಆಫ್ ಮಾಡಿ ಆ ಲೈಟ್ ಬಿಟ್ಟಿರ್ತೀರಾ?

ಪ್ರಶ್ನೆ ಕೇಳಿದವರು:

ಹೌದು ಅಣ್ಣ. ಅರ್ಧ ಗಂಟೆ ಬಿಟ್ಟಿರ್ತೀನಿ, ಆಳುಗಳಿಗೆ ಬೆಳಕು ಬೇಕಲ್ಲ. ಲೈಟು, ಚಾರ್ಜರ್ ಎರಡರದ್ದೂ ವೈರ್ ನೇರ ಬ್ಯಾಟರಿಗೇ ಕೊಟ್ಟಿದ್ದಾರೆ.

ಉತ್ತರ:

ಅಲ್ಲೇ ಸಿಕ್ಕಿತು. 3.3 ಆಂಪ್ ಅರ್ಧ ಗಂಟೆಗೆ ಒಂದೂವರೆ ಎಎಚ್ ಮೀರುತ್ತೆ. ನಿಮ್ಮ ತೊಟ್ಟಿಯಲ್ಲಿ ಇರೋದೇ 3. ಅರ್ಧಕ್ಕಿಂತ ಹೆಚ್ಚು ಅಲ್ಲೇ ಖಾಲಿ, ಆಮೇಲೆ ಸೆಲ್ಫ್ ಒತ್ತಿದರೆ ಟಕ್ ಟಕ್ ಅಂತಷ್ಟೇ ಅನ್ನೋದು.

ಟ್ರ್ಯಾಕರ್ ಸಣ್ಣದು ಅಂತ ಬಿಡಬೇಡಿ. 20 ಮಿಲಿ ಆಂಪ್ ಎಳೆಯೋದಾದರೆ ದಿನಕ್ಕೆ ಹತ್ತಿರ ಹತ್ತಿರ ಅರ್ಧ ಎಎಚ್. ಹಬ್ಬಕ್ಕೆ ನಾಲ್ಕು ದಿನ ಊರಿಗೆ ಹೋದರೆ 3ರಲ್ಲಿ 2 ಹೋಗಿರುತ್ತೆ.

ನೇರ ಬ್ಯಾಟರಿಗೆ ಕೊಟ್ಟಿರೋದು ಕೇಳಿ ನನಗೆ ಭಯವಾಯಿತು. ಫ್ಯೂಸ್ ಇದೆಯಾ ಮೊದಲು ನೋಡಿ. ನನ್ನ ಹತ್ತಿರ ಒಂದು ಗಾಡಿ ಬಂದಿತ್ತು. ಸ್ಪೀಕರ್‌ಗೆ ಹಾಕುವಂಥ ತೆಳು ವೈರ್, ಫ್ಯೂಸೇ ಇಲ್ಲ. ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಸ್ಟೀರಿಂಗ್ ಕುತ್ತಿಗೆಗೆ ಉಜ್ಜಿ ಉಜ್ಜಿ ಸಿಪ್ಪೆ ಹೋಗಿ, ತಾಮ್ರ ಚಾಸಿಸ್‌ಗೆ ತಾಕಿದೆ. ಟ್ಯಾಂಕ್ ಎತ್ತಿದೆ: ಒಂದು ಮೊಳ ವೈರ್ ಕರಗಿ ಪಕ್ಕದ ಹಾರ್ನೆಸ್‌ಗೆ (ಗಾಡಿಯ ವೈರ್‌ಗಳ ಕಟ್ಟು) ಅಂಟಿಕೊಂಡಿತ್ತು, ಟ್ಯಾಂಕಿನ ತಳ ಕಪ್ಪಗಾಗಿತ್ತು. ಮೇಲೆ ಪೆಟ್ರೋಲ್. ಆ ಹುಡುಗ ಬದುಕಿದ್ದು ದೇವರ ದಯೆ. ಫ್ಯೂಸ್ ಇರೋದು ಲೈಟ್ ಉಳಿಸೋಕಲ್ಲ, ವೈರ್ ಉರಿಯದ ಹಾಗೆ ನೋಡಿಕೊಳ್ಳೋಕೆ. ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ 5 ಆಂಪ್ ಫ್ಯೂಸ್ ಇರಲೇಬೇಕು. ಪದೇ ಪದೇ ಹೋಗುತ್ತೆ ಅಂತ ಅದರ ಜಾಗಕ್ಕೆ 15 ಆಂಪ್ ಹಾಕಬೇಡಿ, ಏಕೆ ಹೋಗ್ತಿದೆ ಅಂತ ಹುಡುಕಿ.

ಲೈಟಿಗೆ ಒಂದು ರಿಲೇ ಹಾಕಿಸಿ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನ ಆನ್, ಆಫ್ ಮಾಡೋ ಸ್ವಿಚ್. 30ನೇ ಪಿನ್‌ಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ, 87 ಲೈಟಿಗೆ, 85 ಅರ್ತಿಂಗ್, 86ಕ್ಕೆ ಲೈಟಿನ ಸ್ವಿಚ್ ಮೂಲಕ ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ವೈರ್. ಹೊರೆಯ ವೈರ್ 1 ಸ್ಕ್ವೇರ್ ಎಂಎಂ ಸಾಕು. ಕೀ ತೆಗೆದರೆ ಲೈಟ್ ತಾನಾಗೇ ಆರುತ್ತೆ. ಚಾರ್ಜರ್‌ನೂ ಕೀ ಮೇಲೆ ಬರೋ ಹಾಗೆ ಮಾಡಿಸಿ. ಮಂಡಿಯಲ್ಲಿ ಆಳುಗಳಿಗೆ ಒಂದು ರೀಚಾರ್ಜ್ ಟಾರ್ಚ್ ಇಟ್ಟುಕೊಳ್ಳಿ.

ಕೆಲಸ ಮಾಡುವಾಗ ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಕೊನೆಗೆ ಕಟ್ಟಿ.

ಇನ್ನೊಬ್ಬ ಸದಸ್ಯ (ಚಿಂತಾಮಣಿ):

ಸಾರ್, ಆ ಕೀ ವೈರ್ ಎಲ್ಲಿಂದ ತಗೊಳ್ಳೋದು? ಇನ್ನೊಂದು, ಔಷಧಿ ಹೊಡೆಯೋ ಬ್ಯಾಟರಿ ಪಂಪೂ 12 ವೋಲ್ಟೇ. ತೋಟದಲ್ಲಿ ಕರೆಂಟ್ ಇಲ್ಲದಾಗ ಬೈಕಿಂದಲೇ ಚಾರ್ಜ್ ಮಾಡಬಹುದಾ?

ಉತ್ತರ:

ಬ್ರೇಕ್ ಲೈಟ್ ಸ್ವಿಚ್‌ಗೆ ಬರೋ ವೈರ್ ಬಹಳ ಗಾಡಿಗಳಲ್ಲಿ ಕೀ ಮೇಲೇ ಬರುತ್ತೆ. ಮೀಟರ್ ಹಿಡಿದು ಕೀ ಆನ್, ಆಫ್ ಎರಡರಲ್ಲೂ ನೋಡಿ ಖಚಿತ ಮಾಡಿಕೊಳ್ಳಿ. ರಿಲೇಯ ಒಳಗಿನ ಸುರುಳಿ ಎಳೆಯೋದು ಬಹಳ ಕಡಿಮೆ, ಆ ವೈರಿಗೆ ಭಾರವಾಗಲ್ಲ. ಬಿಎಸ್6 ಇಂಜೆಕ್ಷನ್ ಗಾಡಿಯಾದರೆ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್), ಸೆನ್ಸರ್ ವೈರ್‌ಗಳ ಹತ್ತಿರ ಹೋಗಬೇಡಿ.

ಪಂಪ್ ಮಾತ್ರ ಬೇಡ ಸಾರ್. ಅದರ ಬ್ಯಾಟರಿ ಸಾಮಾನ್ಯವಾಗಿ 8 ಎಎಚ್. ಖಾಲಿಯಾದ ದೊಡ್ಡ ಬ್ಯಾಟರಿಯನ್ನ ತುಂಬಿದ 3 ಎಎಚ್‌ಗೆ ಕಟ್ಟಿದರೆ ಒಂದೇ ಸಲಕ್ಕೆ ಎಳೆಯುತ್ತೆ, ವೈರ್ ಬಿಸಿಯಾಗುತ್ತೆ, ತೋಟದಲ್ಲಿ ನಿಮ್ಮ ಗಾಡಿಯೂ ನಿಲ್ಲುತ್ತೆ. ಪಂಪಿನ ಜೊತೆ ಬಂದ ಚಾರ್ಜರ್ ಕರೆಂಟನ್ನ ಮಿತಿಯಲ್ಲಿ ಬಿಡುತ್ತೆ, ಬೈಕ್ ಬಿಡಲ್ಲ. ರಾತ್ರಿ ಮನೆಯಲ್ಲೇ ಹಾಕಿ.

ಮುಳಬಾಗಿಲಿನ ಅಣ್ಣ, ನೀವು ಈಗಿನ ಬ್ಯಾಟರಿಯನ್ನ ಅಂಗಡಿಯಲ್ಲಿ ಪೂರ್ತಿ ಚಾರ್ಜ್ ಮಾಡಿಸಿ, ಮೀಟರ್ ಡಿಸಿ 20ಕ್ಕೆ ಇಟ್ಟು ಮೂರು ರೀಡಿಂಗ್ ಕಳಿಸಿ: ರಾತ್ರಿ ನಿಂತ ಗಾಡಿಯಲ್ಲಿ ಬೆಳಗ್ಗೆ, ಎಲ್ಲ ಆನ್ ಮಾಡಿ ಐಡಲ್‌ನಲ್ಲಿ, ಎಲ್ಲ ಆನ್ ಇಟ್ಟು ರೇಸ್ ಕೊಟ್ಟಾಗ.

ಪ್ರಶ್ನೆ ಕೇಳಿದವರು (ಎರಡು ದಿನದ ಮೇಲೆ):

ಫ್ಯೂಸ್ ಇರಲಿಲ್ಲ ಅಣ್ಣ, ಹಾಕಿಸಿದೆ. ಬೆಳಗ್ಗೆ 12.6. ಐಡಲ್‌ನಲ್ಲಿ 12.3. ರೇಸ್ ಕೊಟ್ಟರೆ 13.6.

ಉತ್ತರ:

ಒಳ್ಳೇದಾಯಿತು. ಬ್ಯಾಟರಿ ಇನ್ನೂ ಜೀವಂತ ಇದೆ, ಹೊಸದು ಬೇಡ. ರೇಸ್ ಕೊಟ್ಟಾಗ ಬೆಳಗಿನ 12.6ಕ್ಕಿಂತ ಮೇಲೆ ಹೋಗಿದೆ ಅಂದರೆ, ಓಡುವಾಗ ನಿಮ್ಮ ಕಾಯಿಲ್ ಹೊರೆಯನ್ನೂ ಹೊತ್ತು ಬ್ಯಾಟರಿಗೂ ತುಂಬ್ತಾ ಇದೆ. ಐಡಲ್‌ನಲ್ಲಿ ಮಾತ್ರ ಅದಕ್ಕಿಂತ ಕೆಳಗೆ ಇಳಿದು ಸೋಲುತ್ತೆ, ಹಾಗಾಗಿ ಗೇಟ್ ಹತ್ತಿರ ಸಾಲಲ್ಲಿ ನಿಂತಾಗ ಎಲ್‌ಇಡಿ ಆರಿಸಿ. ಮೂರು ದಿನಕ್ಕಿಂತ ಹೆಚ್ಚು ಗಾಡಿ ನಿಲ್ಲಿಸೋದಾದರೆ ಟ್ರ್ಯಾಕರ್ ಫ್ಯೂಸ್ ತೆಗೆದಿಡಿ. ರಿಲೇ ಹಾಕಿಸಿದ ಮೇಲೆ ಸ್ಟೀರಿಂಗ್ ಕುತ್ತಿಗೆ ಹತ್ತಿರ ವೈರ್‌ಗೆ ಸ್ಲೀವ್ ಹಾಕಿದ್ದಾರಾ ಅಂತ ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ನೀವೇ ನೋಡಿ, ಒಂದು ಫೋಟೋ ಇಲ್ಲಿ ಹಾಕಿ.